ಡಚ್ಚರ ನಾಡಿನಲ್ಲಿ ಒಂದು ಬಾಣಂತನ

ಮಗಳ ಚೊಚ್ಚಲ ಬಾಣಂತನಕ್ಕೆಂದು ನಾವಿಬ್ಬರೂ ಪುಣೆಯಿಂದ ಹಾಲೆಂಡಿಗೆ ಹೊರಟಾಗ ನಮ್ಮ ಪೆಟ್ಟಿಗೆಯಲ್ಲಿ ಒಣಶುಂಠಿ, ಓಮ, ಸಬ್ಬಸಿಗೆ ಬೀಜ, ಹಳೆಯ ಪಂಚೆಯ ಮೆತ್ತನೆಯ ತುಂಡುಗಳು, ಕೈಯಲ್ಲೇ ಹೆಣೆದ ನಾಲ್ಕು ಕುಲಾವಿಗಳು ಇದ್ದವು. ಇವುಗಳ ಜೊತೆಗೆ, ಬಾಣಂತನದ ವಿಷಯ ನಮಗೆ ತಿಳಿದಷ್ಟು ಆ ದೇಶದವರಿಗೆ ಏನು ತಿಳಿದೀತು ಎಂಬ ಹಮ್ಮೂ ಇತ್ತೆಂದು ಒಪ್ಪಿಕೊಳ್ಳಬೇಕು.

ಮಗಳ ಮನೆ ಆಮ್ಸ್ಟರ್‌ಡ್ಯಾಮಿಗೆ ಅಂಟಿಕೊಂಡಂತಿರುವ ಆಮ್ಸ್ಟೆಲ್‌ವೀನ್ ಎಂಬ ಊರಿನಲ್ಲಿ. ಭಾರತದಿಂದ ಹೋದ ಕುಟುಂಬಗಳು ಅಲ್ಲಿ ಬೇಕಾದಷ್ಟಿವೆ. ನಾವು ವಿಮಾನದಿಂದ ಇಳಿದ ಸ್ಕಿಪೋಲ್ ನಿಲ್ದಾಣವೇ ಸಮುದ್ರದ ಮಟ್ಟಕ್ಕಿಂತ ಸುಮಾರು 3 ಮೀಟರು ಕೆಳಗಿದೆಯೆಂದು ಕೇಳಿ ಬೆರಗಾದೆವು. ಹಿಂದೆ ಅದು ವಿಶಾಲವಾದ ಸರೋವರ. ಉಗಿಯಂತ್ರಗಳಿಂದ ನೀರನ್ನೆಲ್ಲ ಎತ್ತಿ ಹಾಕಿ 1852ರ ಹೊತ್ತಿಗೆ ನೆಲ ಮಾಡಿಕೊಂಡರು. ದೇಶದ ಕಾಲುಭಾಗದಷ್ಟು ಭೂಮಿ ಹೀಗೆ ಕಡಲಿಗಿಂತ ತಗ್ಗಿನಲ್ಲಿದೆ. 1953ರ ಜನವರಿ 31ರ ರಾತ್ರಿ ಬೀಸಿದ ಬಿರುಗಾಳಿಗೆ ಒಡ್ಡುಗಳು ಒಡೆದು 1,836 ಮಂದಿ ಪ್ರಾಣ ಕಳೆದುಕೊಂಡರು. ನೀರಿನ ಕಾವಲಿಗೆಂದೇ ಇರುವ ಜಲಮಂಡಳಿಗಳ ಮೂಲ 13ನೆಯ ಶತಮಾನದಷ್ಟು ಹಳೆಯದು. ಇಂದಿಗೂ ಅಂಥ 21 ಮಂಡಳಿಗಳಿವೆ. ಜನ ಅವಕ್ಕೆ ಬೇರೆಯಾಗಿ ಮತ ಹಾಕುತ್ತಾರೆ, ಬೇರೆಯಾಗಿ ತೆರಿಗೆ ಕೊಡುತ್ತಾರೆ. ಪಕ್ಕದವನ ಒಡ್ಡಿನಲ್ಲಿ ಬಿರುಕು ಕಂಡರೆ ಸಂಕೋಚಪಟ್ಟು ಸುಮ್ಮನಿರುವಂತಿಲ್ಲ. ಸುಮ್ಮನಿದ್ದರೆ ಇಬ್ಬರ ಮನೆಯೂ ಮುಳುಗೀತು. ಡಚ್ಚರ ಖಂಡತುಂಡ ಮಾತಿಗೆ ಇದೇ ಬೇರು ಎನ್ನುವವರುಂಟು. ಆ ಮಾತಿನ ರುಚಿ ನಮಗೆ ಮೊದಲ ವಾರದಲ್ಲೇ ಸಿಕ್ಕಿತು.

ಅಲ್ಲಿ ಹೆರಿಗೆಯಾದ ಮೇಲೆ ತಾಯಿ ಮಗುವಿನ ಆರೈಕೆಗೆ ತರಬೇತಾದ ದಾದಿಯೊಬ್ಬಳು ಮನೆಗೇ ಬರುತ್ತಾಳೆ. ಈ ಏರ್ಪಾಡಿಗೆ ಕ್ರಾಮ್‌ಜೋರ್ಗ್ ಎಂದು ಹೆಸರು. ಸಾಮಾನ್ಯವಾಗಿ ಎಂಟು ದಿನ, ದಿನಕ್ಕೆ ಕೆಲವು ಗಂಟೆ. ತಾಯಿಯ ಜ್ವರ ನೋಡುವುದು, ಮಗುವನ್ನು ತೂಗುವುದು, ಹಾಲೂಡಿಸಲು ಕಲಿಸುವುದು, ಬಾಣಂತಿಯ ಕೋಣೆಯನ್ನು ಚೊಕ್ಕಟಗೊಳಿಸುವುದು ಎಲ್ಲವೂ ಆಕೆಯದೇ. ಬಡವ ಬಲ್ಲಿದರೆನ್ನದೆ ಎಲ್ಲರ ಆರೋಗ್ಯವಿಮೆಯಲ್ಲಿ ಇದು ಸೇರಿದೆ. ಆಕೆ ಬರುವ ಮುನ್ನವೇ ಬಾಣಂತಿಯ ಮಂಚದ ಕಾಲುಗಳ ಕೆಳಗೆ ದಿಮ್ಮಿಗಳನ್ನಿಟ್ಟು ಎತ್ತರಿಸಬೇಕು. ಏಕೆ ಗೊತ್ತೆ? ಬಗ್ಗಿ ಬಗ್ಗಿ ದಾದಿಯ ಬೆನ್ನು ನೋಯಬಾರದೆಂದು! ನಮ್ಮ ಮನೆಗಳಲ್ಲಿ ಎರೆದು ನೀವುತ್ತಿದ್ದ ಮುದುಕಿಯರ ಬೆನ್ನಿನ ಯೋಚನೆಯನ್ನು ನಾವು ಎಂದಾದರೂ ಮಾಡಿದ್ದೆವೆ?

ದಾದಿ ಬಂದ ಮೊದಲ ದಿನವೇ ಮಗುವಿನ ಕತ್ತಿನ ಹಿಂಭಾಗವನ್ನು ಮುಟ್ಟಿ ನೋಡಿ, ನಾವು ಕಟ್ಟಿದ್ದ ಕುಲಾವಿಯನ್ನು ಬಿಚ್ಚಿ ಪಕ್ಕಕ್ಕಿಟ್ಟಳು. “ಮಗುವಿಗೆ ಸೆಕೆಯಾಗಿದೆ. ಮನೆಯೊಳಗೆ ಟೋಪಿ ಬೇಡ. ಇದು ಅಪಾಯ” ಎಂದಳು. ನಯವೂ ಇಲ್ಲ, ಪೀಠಿಕೆಯೂ ಇಲ್ಲ. ಅತಿಯಾದ ಶಾಖವೂ ಬೋರಲು ಮಲಗಿಸುವುದೂ ಎಳೆಗೂಸುಗಳ ಹಠಾತ್ ಮರಣಕ್ಕೆ ಎಡೆಮಾಡುತ್ತವೆಂದು ತಿಳಿಸಿದಳು. ಬೋರಲು ಮಲಗಿಸಬೇಡಿರೆಂಬ ಪ್ರಚಾರವನ್ನು ಡಚ್ಚರು 1987ರಲ್ಲೇ ಆರಂಭಿಸಿದ್ದರು. ನಮಗೆ ಅವಮಾನವಾದಂತಾಯಿತು, ಆ ರಾತ್ರಿ ಸರಿಯಾಗಿ ಊಟ ಸೇರಲಿಲ್ಲ. ಆದರೆ ಮರುದಿನ ಅದೇ ದಾದಿ ನಮ್ಮ ಸಬ್ಬಸಿಗೆ ಬೀಜದ ಕಷಾಯವನ್ನು ಮೂಸಿ ನೋಡಿ, ನಕ್ಕು, ತಟ್ಟೆಯೊಂದನ್ನು ತಂದಳು. ಗರಿಗರಿಯಾದ ದುಂಡು ರಸ್ಕು, ಅದರ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಸಕ್ಕರೆ ಲೇಪಿಸಿದ ಸೋಂಪಿನಂಥ ಕಾಳು. ಹೆಣ್ಣುಮಗುವಾದ್ದರಿಂದ ಗುಲಾಬಿ ಮತ್ತು ಬಿಳಿ ಬಣ್ಣ; ಗಂಡಾದರೆ ನೀಲಿ. ಕೂಸು ನೋಡಲು ಬಂದವರಿಗೆಲ್ಲ ಇದನ್ನೇ ಕೊಡುವುದು. ಈ ಕಾಳು ಎದೆಹಾಲು ಹೆಚ್ಚಿಸುತ್ತದೆಂಬುದು ಅಲ್ಲಿಯ ಹಳೆಯ ನಂಬಿಕೆ. ನಮ್ಮ ಅಜ್ಜಿಯರೂ ಅವರ ಅಜ್ಜಿಯರೂ ಒಂದೇ ಡಬ್ಬಿಗೆ ಕೈಹಾಕಿದಂತೆ ಕಂಡಿತು.

ಉಳಿದ ವಾಡಿಕೆಗಳಿಗೆ ಹೊಂದಿಕೊಳ್ಳುವುದು ಅಷ್ಟು ಕಷ್ಟವಾಗಲಿಲ್ಲ. ಮಧ್ಯಾಹ್ನದ ಊಟವೆಂದರೆ ತಣ್ಣನೆಯ ಬ್ರೆಡ್ಡು, ಚೀಸು. ಜೊತೆಗೆ ಮಜ್ಜಿಗೆ ಕುಡಿಯುವವರೂ ಉಂಟೆಂದು ಕಂಡು ಸಮಾಧಾನವಾಯಿತು. ಸೈಕಲ್ಲುಗಳಂತೂ ಜನಸಂಖ್ಯೆಗಿಂತ ಹೆಚ್ಚು. 2010ರಿಂದ 2024ರವರೆಗೆ ಪ್ರಧಾನಿಯಾಗಿದ್ದ ಮಾರ್ಕ್ ರುಟ್ಟೆಯವರು ಕಚೇರಿಗೆ ಸೈಕಲ್ ತುಳಿದು ಹೋಗುತ್ತಿದ್ದರು. ರಸ್ತೆಗೆ ತೆರೆದ ದೊಡ್ಡ ಕಿಟಕಿಗಳಿಗೆ ಎಷ್ಟೋ ಮನೆಗಳಲ್ಲಿ ರಾತ್ರಿಯೂ ಪರದೆ ಎಳೆಯುವುದಿಲ್ಲ. ಆದರೆ ಕಿಟಕಿ ತೆರೆದಿದೆಯೆಂದು ಬಾಗಿಲೂ ತೆರೆದಿದೆಯೆಂದು ತಿಳಿಯಬಾರದು. ಈ ಪಾಠವನ್ನು ನಾವು ಕಲಿತದ್ದು ಹೀಗೆ.

ಹತ್ತನೆಯ ದಿನ ಸಂಜೆ ಆರು ಗಂಟೆಯ ಸುಮಾರಿಗೆ, ಅಂಟಿನುಂಡೆಯ ಡಬ್ಬಿ ಹಿಡಿದು ಪಕ್ಕದ ಮನೆಯ ಗಂಟೆ ಒತ್ತಿದೆವು. ಬಾಗಿಲು ತೆರೆದ ವೃದ್ಧೆ ನಮ್ಮನ್ನು ಅಭಿನಂದಿಸಿದರು, ಡಬ್ಬಿ ತೆಗೆದುಕೊಂಡರು, “ನಾವೀಗ ಊಟಕ್ಕೆ ಕುಳಿತಿದ್ದೇವೆ” ಎಂದು ಹೇಳಿ ಬಾಗಿಲು ಮುಚ್ಚಿದರು. ಊಟದ ಹೊತ್ತಿಗೆ ಬಂದವರನ್ನು ಹೊಸ್ತಿಲಿನಿಂದಲೇ ಕಳುಹಿಸುವುದೆ? ನಮ್ಮ ಮನಸ್ಸು ಮುರಿದುಹೋಯಿತು. ಇಂಥ ಜನರ ನಡುವೆ, ನಾವು ಹೊರಟುಹೋದ ಮೇಲೆ, ಮಗಳಿಗೆ ಯಾರು ದಿಕ್ಕು? ಆ ಯೋಚನೆಯಲ್ಲಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮಗಳು ಮಾತ್ರ, “ಇಲ್ಲಿ ಹೇಳದೆ ಹೋದರೆ ಹೋದವರದೇ ತಪ್ಪು” ಎಂದು ನಕ್ಕಳು.

ಎರಡು ದಿನಗಳ ಮೇಲೆ ಅಂಚೆಪೆಟ್ಟಿಗೆಯಲ್ಲಿ ಒಂದು ಚೀಟಿ. ಮುಂದಿನ ವಾರದ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಕಾಫಿಗೆ ಬರಬೇಕೆಂದು ಆ ವೃದ್ಧೆ ಕರೆದಿದ್ದರು. ಹೋದೆವು. ಕಾಫಿಯ ಜೊತೆ ಒಂದೊಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದರು. ಆದರೆ ಒಂದೂವರೆ ಗಂಟೆ ಕಾಲ ಅವರ ಗಮನ ನಮ್ಮಿಂದ ಅತ್ತಿತ್ತ ಸರಿಯಲಿಲ್ಲ. ಮಗಳಿಗೆ ನಿದ್ದೆ ಬರುತ್ತಿದೆಯೆ, ನೀವು ಹೋದ ಮೇಲೆ ಅವಳಿಗೆ ಯಾವ ದಿನ ಕಷ್ಟವಾಗಬಹುದು ಎಂದು ನೇರವಾಗಿಯೇ ಕೇಳಿದರು. “ಬುಧವಾರ ನಾನು ಬಿಡುವಾಗಿದ್ದೇನೆ” ಎಂದು ದಿನಚರಿ ತೆಗೆದು ಬರೆದುಕೊಂಡರು. ಸುಮ್ಮನೆ ಮಾತಿಗೆ ಹೇಳಿದ್ದಾಗಿರಲಿಲ್ಲ. ಈಗಲೂ ಪ್ರತಿ ಬುಧವಾರ ಬೆಳಿಗ್ಗೆ ಅವರು ಮೊಮ್ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಕಾಲುವೆಯ ದಂಡೆಗೆ ಹೋಗುತ್ತಾರೆ.

ಊರು ಬಿಟ್ಟು ಊರು ಸೇರಿದ ನಮ್ಮಂಥವರು ಹೊಸ ನೆರೆಯವರ ಬಾಗಿಲನ್ನು ನೋಡಿ ಅವರ ಮನಸ್ಸನ್ನು ಅಳೆದುಬಿಡುತ್ತೇವೆ. ಪುಣೆಗೆ ಬಂದ ಹೊಸದರಲ್ಲಿ ನಾವೂ ಹಾಗೆಯೇ ಮಾಡಿದ್ದೆವು.

ಅಂದು ಹೊರಡುವ ಮುನ್ನ ಕೈತೊಳೆಯಲು ಅವರ ಶೌಚಗೃಹಕ್ಕೆ ಹೋದೆವು. ಡಚ್ಚರು ಹುಟ್ಟುಹಬ್ಬಗಳ ಪಟ್ಟಿಯನ್ನು ತೂಗುಹಾಕುವುದು ಅಲ್ಲಿಯೇ. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಬೀಳುತ್ತದೆ, ಯಾರನ್ನೂ ಮರೆಯುವಂತಿಲ್ಲ. ಮಕ್ಕಳು, ಮೊಮ್ಮಕ್ಕಳು, ಗೆಳತಿಯರ ಹೆಸರುಗಳ ನಡುವೆ, ಮಾರ್ಚ್ ತಿಂಗಳ ಹಾಳೆಯಲ್ಲಿ, ಹೊಸ ಶಾಯಿಯಲ್ಲಿ ನಮ್ಮ ಮೊಮ್ಮಗಳ ಹೆಸರಿತ್ತು.