ಗೋಡೆಗೆ ಮಣ್ಣಿನ ಮೈಬಣ್ಣ

ಗಿಳಿಹಸಿರು, ನೇರಳೆ ಗೋಡೆಗಳ ಗದ್ದಲ ಜನರಿಗೆ ಸಾಕಾದಂತಿದೆ. ಪೇಂಟ್ ಅಂಗಡಿಯ ಶೇಡ್ ಕಾರ್ಡಿನಲ್ಲಿ ಈಗ ಬೆರಳು ಹೋಗಿ ನಿಲ್ಲುವುದು ಕೆನೆ, ಮರಳು, ಬಾದಾಮಿ, ಇಟ್ಟಿಗೆ ಬಣ್ಣಗಳ ಮೇಲೆ. ಈ ಬಣ್ಣಗಳು ಡಬ್ಬಿಗೆ ಬರುವುದಕ್ಕೆ ಬಹಳ ಹಿಂದೆಯೇ ನಮ್ಮ ಕರಾವಳಿ, ಮಲೆನಾಡಿನ ಮನೆಗಳ ಮೇಲಿದ್ದವು. ಸುಣ್ಣದ ಡ್ರಮ್ಮು, ಒಂದು ಬುಟ್ಟಿ ಕೆಮ್ಮಣ್ಣು, ನಾರಿನ ಕುಂಚ, ಇಷ್ಟೇ ಅದರ ಸರಂಜಾಮು.

ಕರಾವಳಿಯಲ್ಲಿ ಸುಣ್ಣವೆಂದರೆ ಚಿಪ್ಪು ಸುಟ್ಟು ಮಾಡಿದ್ದು, ಒಳನಾಡಿನಲ್ಲಿ ಸುಣ್ಣದಕಲ್ಲು. ಸುಟ್ಟದ್ದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅದನ್ನು ಸೋಸಿ ತೆಳ್ಳಗೆ ಬಳಿದಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಗೋಡೆಯ ಮೇಲೆಯೇ ಮತ್ತೆ ಕಲ್ಲಾಗುತ್ತದೆ. ಬೆರೆಸಿದ ಮಣ್ಣಿನ ಪುಡಿ ಆ ಕಲ್ಲಿನೊಳಗೇ ಸಿಕ್ಕಿಕೊಳ್ಳುತ್ತದೆ. ಆದರೆ ಸುಣ್ಣದ ಖಾರಕ್ಕೆ ಎಲ್ಲ ಬಣ್ಣವೂ ತಾಳುವುದಿಲ್ಲ. ಅರಿಶಿನ ಹಾಕಿ ನೋಡಿ, ಓಕುಳಿಯಾಗಿ ಕೂರುತ್ತದೆ! ಕೆಮ್ಮಣ್ಣು, ಹಳದಿ ಮಣ್ಣುಗಳ ಬಣ್ಣ ಕಬ್ಬಿಣದ ಆಕ್ಸೈಡಿನದು. ಅದು ಸುಣ್ಣಕ್ಕೂ ಜಗ್ಗದು, ಬಿಸಿಲಿಗೂ ಜಗ್ಗದು.

ಗೋಡೆಯ ಬುಡಕ್ಕೆ ಮೊಣಕಾಲೆತ್ತರ ಕೆಮ್ಮಣ್ಣು, ಮೇಲೆ ಬಿಳುಪು ಎಂಬ ಹಳೆಯ ಕ್ರಮ ಅಂದಕ್ಕಷ್ಟೇ ಹುಟ್ಟಿದ್ದಲ್ಲ. ಮಳೆಗಾಲದಲ್ಲಿ ಸೂರಿನ ನೀರು ಅಂಗಳದ ಕೆಂಪು ಮಣ್ಣನ್ನು ಗೋಡೆಗೆ ಸಿಡಿಸುತ್ತದೆ. ಬುಡವೂ ಅದೇ ಬಣ್ಣದ್ದಾದರೆ ಕಲೆ ಎಲ್ಲಿ ಕಂಡೀತು? ಇದೇ ಜೋಡಿಯನ್ನು ಗೋವಾ ಮತ್ತು ಉತ್ತರ ಕನ್ನಡದ ಕುಶಲಕರ್ಮಿಗಳು ದೇವಸ್ಥಾನದ ಗೋಡೆಗಳಲ್ಲಿ ಕಾವಿ ಕಲೆಯಾಗಿ ಬೆಳೆಸಿದರು: ಕೆಂಪು ಗಾರೆಯನ್ನು ಕೆತ್ತಿ ಒಳಗಿನ ಬಿಳಿಯನ್ನು ತೋರಿಸುವ ಕಲೆ. ಸಾಗರದ ಸುತ್ತಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ.

ಇಂದಿನ ಮನೆಗೆ ಇದು ಒಗ್ಗೀತೆ? ಮಣ್ಣು, ಮುರಕಲ್ಲು, ಇಟ್ಟಿಗೆಯ ಹಳೆ ಗೋಡೆಯಾದರೆ ಯೋಚನೆಯೇ ಬೇಡ. ಅಲ್ಲಿ ಪ್ಲಾಸ್ಟಿಕ್ ಪೇಂಟ್ ಬಳಿದರೆ ಒಳಗಿನ ತೇವ ಹೊರಬರಲಾಗದೆ ಪೇಂಟು ಉಬ್ಬಿ ಏಳುತ್ತದೆ. ಸುಣ್ಣ ತೇವವನ್ನು ಬಿಟ್ಟುಕೊಡುತ್ತದೆ. ಈಗಾಗಲೇ ಪೇಂಟ್ ಇರುವ ಗೋಡೆಗೆ ಮಾತ್ರ ಸುಣ್ಣ ಹಿಡಿಯುವುದಿಲ್ಲ, ಪೂರ್ತಿ ಕೆರೆದೇ ತೀರಬೇಕು. ಅಂಗಿಗೆ ಪುಡಿ ಹತ್ತುತ್ತದೆ, ಒಂದೆರಡು ವರ್ಷಕ್ಕೊಮ್ಮೆ ಬಳಿಯುತ್ತಿರಬೇಕು ಎಂಬ ದೂರು ಸುಳ್ಳಲ್ಲ. ಆ ತಾಪತ್ರಯ ಬೇಡದವರು ಡಬ್ಬಿಯನ್ನೇ ಕೊಳ್ಳಲಿ, ತಪ್ಪೇನಿಲ್ಲ. ಬಣ್ಣವನ್ನಾದರೂ ಅಂಗಳದ ಮಣ್ಣನ್ನು ಒಮ್ಮೆ ನೋಡಿ ಆರಿಸಿದರೆ ಮನೆ ಅಲ್ಲೇ ಬೆಳೆದಂತೆ ಕಾಣುತ್ತದೆ.

ಸುಣ್ಣವನ್ನೇ ಬಳಿಯುವುದಾದರೆ ಬಣ್ಣದ ಪುಡಿ ಸುಣ್ಣದ ತೂಕದ ನೂರಕ್ಕೆ 10 ಭಾಗ ಮೀರದಿರಲಿ, ಹೆಚ್ಚಾದರೆ ಉದುರುತ್ತದೆ. ಹಿಡಿತಕ್ಕೆ ಸ್ವಲ್ಪ ಅಂಟು ಬೆರೆಸುತ್ತಾರೆ. ಗೋಡೆಗೆ ಮೊದಲು ನೀರು ಚಿಮುಕಿಸಿ, ಉರಿಬಿಸಿಲು ಇಳಿದ ಮೇಲೆ ತೆಳ್ಳಗೆ ಮೂರು ಕೋಟು, ನಡುನಡುವೆ ಒಂದು ದಿನದ ಬಿಡುವು. ಕಣ್ಣಿಗೆ ಕನ್ನಡಕ ಬೇಕೇ ಬೇಕು, ಸುಣ್ಣ ಸುಡುತ್ತದೆ. ಹಸಿಯಿದ್ದಾಗ ಬಣ್ಣ ಗಾಢವಾಗಿ ಕಂಡು ಗಾಬರಿಯಾಗುತ್ತದೆ. ಒಣಗಿದರೆ ಎಷ್ಟೋ ತಿಳಿಯಾಗುತ್ತದೆ. ಹಾಗಾಗಿ ಹಿತ್ತಿಲ ಕಡೆ ಒಂದು ಮೂಲೆಗೆ ಬಳಿದು, ಎರಡು ದಿನ ಬಿಟ್ಟು, ಬೆಳಗಿನ ಬಿಸಿಲಲ್ಲೊಮ್ಮೆ ಸಂಜೆಯಲ್ಲೊಮ್ಮೆ ನೋಡಿ, ಆಮೇಲೆ ಮುಂದಿನ ಗೋಡೆಗೆ ಏಣಿ ಹಾಕಿ.