ಕರೆಂಟ್ ಬಂದ ಗಳಿಗೆ

ನಮ್ಮ ಮಾಯಕೊಂಡದ ಕಡೆ ಬೋರಿನ ಮೋಟರ್ ಸುಡುವುದು ಬಹುಪಾಲು ಮದುವೆ ಕಾಲದಲ್ಲಿ. ಹಿರಿಯರು ದೃಷ್ಟಿ ತಾಗಿತು, ಶನಿ ಕಾಟ ಅಂತ ಮಾತು ಮುಗಿಸುತ್ತಾರೆ. ಕಾರಣ ತೀರಾ ಸರಳ. ಮದುವೆಗಳು ಒತ್ತಾಗಿ ಬರುವುದು ಬೇಸಿಗೆಯಲ್ಲಿ. ಬೋರಿನ ನೀರು ಕೆಳಗಿಳಿಯುವುದೂ ಆಗಲೇ, ಅಡಿಕೆ ಗಿಡ ಬಾಯಿಬಿಡುವುದೂ ಆಗಲೇ. ಎಲ್ಲರ ಮೋಟರೂ ಒಟ್ಟಿಗೆ ಓಡಬೇಕು, ವೋಲ್ಟೇಜ್ ಬೀಳುತ್ತದೆ. ಭದ್ರಾ ನಾಲೆಯ ನೀರು ಹತ್ತದ ಹೊಲಗಳು ನಮ್ಮಲ್ಲಿ ಬಹಳ. ಬೋರು ನಿಂತರೆ ತೋಟವೇ ನಿಂತ ಹಾಗೆ.

ಕಳೆದ ಬೇಸಿಗೆ ದಾವಣಗೆರೆಯಲ್ಲಿ ಹತ್ತಿರದವರ ಮದುವೆ. ಊರಿನವರೆಲ್ಲ ಒಂದೇ ಪಂಕ್ತಿಗೆ ಕೂತಿದ್ದೆವು. ಹೋಳಿಗೆ ಮೇಲೆ ತುಪ್ಪ ಬಿತ್ತು, ಯಾರದೋ ಜೇಬಿನಲ್ಲಿ ಫೋನ್ ಹೊಡೆಯಿತು. ಅವರ ಪಕ್ಕದವರದ್ದು, ಎದುರು ಸಾಲಿನವರದ್ದು, ಹೀಗೆ ಪಂಕ್ತಿ ಪೂರ್ತಿ ಗಣಗಣ ಅಂತು. ಊರಲ್ಲಿ ತ್ರೀಫೇಸ್ ಬಂದಿತ್ತು. ತೋಟದ ಮೊಬೈಲ್ ಸ್ಟಾರ್ಟರ್‌ಗಳು ತಮ್ಮ ತಮ್ಮ ಯಜಮಾನರಿಗೆ ಮೋಟರ್ ಶುರುವಾಯಿತೆಂದು ಸುದ್ದಿ ಮುಟ್ಟಿಸುತ್ತಿದ್ದವು. ಬಡಿಸುವ ಹುಡುಗರು ಸೌಟು ಹಿಡಿದು ನಿಂತು ನಕ್ಕರು, ನಾವೂ ನಕ್ಕೆವು. ಅನ್ನ ಬರುವಷ್ಟರಲ್ಲಿ ಮತ್ತೆ ಅದೇ ಗಣಗಣ. ಈ ಸಲ ಸುದ್ದಿ ಬೇರೆ: ವೋಲ್ಟೇಜ್ ಕಡಿಮೆ, ಮೋಟರ್ ನಿಂತಿದೆ. ನನ್ನ ಮೈದುನನ ಫೋನ್ ಮಾತ್ರ ಎರಡನೇ ಸಲ ಹೊಡೆಯಲಿಲ್ಲ. ಕಡಿಮೆ ವೋಲ್ಟೇಜಿಗೆ ನಿಲ್ಲಿಸುವ ಸೌಲಭ್ಯವನ್ನು ಅವನು ಕಿರಿಕಿರಿಯೆಂದು ತೆಗೆಸಿ ಹಾಕಿದ್ದ. ಸಂಜೆ ಊರಿಗೆ ಬಂದು ನೋಡಿದರೆ ಅವನ ಮೋಟರ್ ಸುಟ್ಟಿತ್ತು.

ಕರೆಂಟ್ ಬಂದ ಗಳಿಗೆಯಲ್ಲಿ ಏನಾಗುತ್ತದೆ ಅನ್ನುವುದನ್ನು ತೋಟ ಇರುವವರು ತಿಳಿದಿರಬೇಕು. ಓಡುವಾಗ ಎಳೆಯುವುದಕ್ಕಿಂತ ಐದಾರು ಪಟ್ಟು ಕರೆಂಟನ್ನು ಮೋಟರ್ ಶುರುವಾಗುವ ಕ್ಷಣದಲ್ಲಿ ಎಳೆಯುತ್ತದೆ. ಒಂದು ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಹತ್ತು ಮೋಟರ್ ಇದ್ದು, ಹತ್ತಕ್ಕೂ ಆಟೋ ಸ್ಟಾರ್ಟರ್ ಇದ್ದರೆ, ಕರೆಂಟ್ ಬಂದ ಕೂಡಲೇ ಹತ್ತೂ ಒಂದೇ ಏಟಿಗೆ ಎಳೆಯುತ್ತವೆ. 415 ವೋಲ್ಟ್ ಇರಬೇಕಾದ ಲೈನು 330ಕ್ಕೆ ಕುಸಿಯಿತು ಅನ್ನಿ. ವೋಲ್ಟೇಜ್ ಇಳಿದದ್ದು ಐದರಲ್ಲಿ ಒಂದು ಪಾಲು. ಮೋಟರಿನ ತಿರುಗಿಸುವ ಬಲ ಇಳಿಯುವುದು ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ತಿರುಗಲಾರದೆ ಮುಲುಗುತ್ತಾ ಇನ್ನಷ್ಟು ಕರೆಂಟ್ ಎಳೆದು ಒಳಗೇ ಬೇಯುತ್ತದೆ. ಹಿಂದೆ ಮನುಷ್ಯರೇ ಹೋಗಿ ಗುಂಡಿ ಒತ್ತುತ್ತಿದ್ದರು. ಒಬ್ಬರು ಬೇಗ, ಒಬ್ಬರು ತಡ. ಲೈನಿಗೆ ಉಸಿರಾಡಲು ಪುರುಸೊತ್ತು ಸಿಗುತ್ತಿತ್ತು.

ಮೂರರಲ್ಲಿ ಒಂದು ಫೇಸ್ ಹೋದಾಗಲೂ ಸುಡುತ್ತದೆ. ಓಡುತ್ತಿದ್ದ ಮೋಟರ್ ನಿಲ್ಲುವುದಿಲ್ಲ, ಉಳಿದ ಎರಡು ಫೇಸಿನ ಮೇಲೆಯೇ ಭಾರ ಹೊತ್ತು ಓಡುತ್ತದೆ. ಅದನ್ನು ತಡೆಯಲು ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಪ್ರಿವೆಂಟರ್ ಇರುತ್ತದೆ. ಪದೇ ಪದೇ ಮೋಟರ್ ನಿಲ್ಲಿಸುತ್ತದೆ ಅಂತ ನಮ್ಮವರು ಮೊದಲು ಕಿತ್ತು ಹಾಕುವುದು ಅದನ್ನೇ. ಮನೆಗಳಿಗೆ ಬರುವ ಕರೆಂಟಿನಲ್ಲಿ ರಾತ್ರಿ ಕಂಡೆನ್ಸರ್ ಹಾಕಿ ಓಡಿಸುವವರೂ ಇದ್ದಾರೆ. ಹಾಗೆ ಓಡಿದ ಮೋಟರಿಗೆ ಆಯುಸ್ಸು ಕಡಿಮೆ.

ಮೈದುನನ ಮೋಟರ್ ಎತ್ತಲು ಮಾರನೇ ದಿನ ಪೈಪ್ ಎತ್ತುವವರು ಬಂದರು. 500 ಅಡಿ ಆಳ, 20 ಅಡಿಯ 25 ಕಬ್ಬಿಣದ ಪೈಪು. ಒಂದೊಂದನ್ನೂ ಎತ್ತಿ, ಕ್ಲಾಂಪ್ ಹಾಕಿ, ಬಿಚ್ಚಿ, ಸಾಲಾಗಿ ಮಲಗಿಸಬೇಕು. ರಿಪೇರಿಯಾದ ಮೇಲೆ ಅಷ್ಟನ್ನೂ ಮತ್ತೆ ಜೋಡಿಸಿ ಇಳಿಸಬೇಕು. ಹತ್ತು ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ, ನಿಜ. ಎತ್ತುವ ಕೂಲಿ, ವೈಂಡಿಂಗ್, ಇಳಿಸುವ ಕೂಲಿ, ನಡುವೆ ಬಾಡಿದ ಗಿಡ, ಇದೆಲ್ಲ ಸೇರಿಸಿದರೆ ನಮ್ಮ ಅಸಲಿ ಕರೆಂಟ್ ಬಿಲ್ ತಿಳಿಯುತ್ತದೆ.

ದಾವಣಗೆರೆಯ ವೈಂಡಿಂಗ್ ಅಂಗಡಿಯಲ್ಲಿ ಮೋಟರ್ ಬಿಚ್ಚುವುದನ್ನು ನಾನು ಕೂತು ನೋಡಿದೆ. ಮುಚ್ಚಳ ತೆಗೆದ ಕೂಡಲೇ ಒಳಗಿನ ನೀರು ಮಸಿಬಣ್ಣದಲ್ಲಿ ಸುರಿಯಿತು, ಕರಗಿದ ಪ್ಲಾಸ್ಟಿಕ್ಕಿನ ವಾಸನೆ ಗಂಟಲಿಗೆ ಹತ್ತಿತು. ಮೇಸ್ತ್ರಿ ಟಾರ್ಚ್ ಬಿಟ್ಟು ತೋರಿಸಿದರು. "ನೋಡ್ರಿ ಅಕ್ಕಾರೆ, ಕಾಯಿಲ್ ಒಂದು ಭಾಗ ಚೆನ್ನಾಗಿದ್ದು ಉಳಿದದ್ದು ಕಪ್ಪಾಗಿದ್ರೆ ಫೇಸ್ ಹೋಗಿತ್ತು ಅಂತ. ಇದು ಸುತ್ತಲೂ ಒಂದೇ ಸಮ ಸುಟ್ಟತೆ. ವೋಲ್ಟೇಜ್ ಇಲ್ದೆ ಒದ್ದಾಡೇತೆ." ಆಮೇಲೆ ಅವರು ಸುಟ್ಟ ತಂತಿಯನ್ನು ಕತ್ತರಿಸಿ, ತಂತಿ ಕೂರುವ ಸಂದುಗಳನ್ನು ಒಂದೊಂದಾಗಿ ಕೆರೆದು ಶುದ್ಧ ಮಾಡಿದರು. ಹೊಸ ತಂತಿಯನ್ನು ಎಷ್ಟು ಸುತ್ತು ಅಂತ ಬಾಯಲ್ಲೇ ಎಣಿಸುತ್ತಾ ಬೆರಳಿಂದ ಒತ್ತಿ ಕೂರಿಸಿದರು. ಎಣಿಸುವಾಗ ಯಾರೂ ಮಾತಾಡಿಸುವಂತಿಲ್ಲ. ಇಷ್ಟು ಚೊಕ್ಕಟ ಕೆಲಸ ನಾನು ಬೇರೆಲ್ಲೂ ಕಂಡಿಲ್ಲ.

ಮೋಟರಿನ ಸವೆದ ಶಾಫ್ಟ್ ಹರಿಹರದ ಒಂದು ವರ್ಕ್‌ಶಾಪಿಗೆ ಹೋಯಿತು. ಆ ವರ್ಕ್‌ಶಾಪಿನ ಲೇತು 1941ರಲ್ಲಿ ಹರಿಹರದಲ್ಲೇ ಶುರುವಾದ ಮೈಸೂರು ಕಿರ್ಲೋಸ್ಕರಿನದು. ಕಾರ್ಖಾನೆ ಎಂದೋ ಮುಚ್ಚಿತು, ಯಂತ್ರ ಇನ್ನೂ ದುಡಿಯುತ್ತಿದೆ.

ಎಲ್ಲ ಮೋಟರೂ ಒಂದೇ ಏಟಿಗೆ ಎಳೆಯುವುದಕ್ಕೆ ಪರಿಹಾರ ಅಗ್ಗದ್ದು. ಎಷ್ಟೋ ಆಟೋ ಸ್ಟಾರ್ಟರ್‌ಗಳಲ್ಲಿ ಕರೆಂಟ್ ಬಂದ ಎಷ್ಟು ಹೊತ್ತಿಗೆ ಮೋಟರ್ ಶುರುವಾಗಬೇಕೆಂದು ತಿರುಗಿಸಿಡುವ ಗುಂಡಿ ಇರುತ್ತದೆ. ಇಲ್ಲದಿದ್ದರೆ ಬೇರೆ ಟೈಮರ್ ಹಾಕಿಸಬಹುದು. ಒಂದು ಮೋಟರಿಗೂ ಇನ್ನೊಂದಕ್ಕೂ ಅರ್ಧ ನಿಮಿಷ ಅಂತರ ಸಾಕು. ಟಿಸಿಯಿಂದ ದೂರ ಇರುವವರದು ಮೊದಲು ಶುರುವಾಗಬೇಕು, ಯಾಕೆಂದರೆ ಲೈನಿನ ತುದಿಯಲ್ಲೇ ವೋಲ್ಟೇಜ್ ಹೆಚ್ಚು ಬೀಳುವುದು. ನಮ್ಮ ಟಿಸಿಯವರನ್ನೆಲ್ಲ ಅರಳಿಕಟ್ಟೆಯಲ್ಲಿ ಕೂರಿಸಿ ಈ ಸರದಿ ಬರೆಸಿದೆ. ನೆಲದ ತಕರಾರು ಇದ್ದವರೂ ಬಂದು ಕೂತರು, ಅದು ನನಗೆ ಬಹಳ ಸಮಾಧಾನ ಕೊಟ್ಟಿತು.

ಒಪ್ಪದವನು ಮೈದುನ ಒಬ್ಬನೇ. ಅವನ ತೋಟ ಟಿಸಿಯ ಬುಡದಲ್ಲೇ ಇರುವುದರಿಂದ ಅವನ ಪಾಳಿ ಕೊನೆಯದು. "ನಂದು ಶುರುವಾಗೋಷ್ಟೊತ್ತಿಗೆ ಕರೆಂಟೇ ಹೋಗ್ತತೆ ಅತ್ತಿಗೆ" ಅನ್ನುತ್ತಾನೆ. ದಿನಕ್ಕೆ 7 ಗಂಟೆ ತ್ರೀಫೇಸಿನಲ್ಲಿ ಐದು ನಿಮಿಷ ಕಾಯಲು ಇಷ್ಟು ಹಟ! ಅವನ ಪಂಪ್‌ಮನೆಯ ಬೀಗದ ಕೀ ಒಂದು ನಮ್ಮ ಮನೆಯ ಮೊಳೆಗೂ ನೇತಾಡುತ್ತಿದೆ. ಯುಗಾದಿಯೊಳಗೆ ನೀನು ಗುಂಡಿ ತಿರುಗಿಸದಿದ್ದರೆ ನಾನೇ ಬಂದು ತಿರುಗಿಸುತ್ತೇನೆ ಅಂತ ಹೇಳಿಯೇ ಇಟ್ಟಿದ್ದೇನೆ.