ವ್ಯಾಪಾರಮಾಂದ್ಯವೂ ಬೀದಿಯ ಅಂಗಡಿಯೂ

ವೈದ್ಯರು ಅಗ್ನಿಮಾಂದ್ಯವೆಂಬ ಒಂದು ವ್ಯಾಧಿಯನ್ನು ಹೇಳುತ್ತಾರೆ. ಜಠರಾಗ್ನಿಯು ಪೂರ್ತಿಯಾಗಿ ಆರಿಹೋಗಿರುವುದಿಲ್ಲ, ಮಂದವಾಗಿರುತ್ತದೆ, ಅಷ್ಟೆ. ಆದರೂ ಅದರಿಂದ ಉಂಡ ಅನ್ನವು ಮೈಗೆ ಹತ್ತದೆ, ಕೈಕಾಲುಗಳಲ್ಲಿ ಬಲವಿಲ್ಲದೆ, ದೇಹವೆಲ್ಲವೂ ಸೊರಗುತ್ತದೆ. ವೃತ್ತಪತ್ರಿಕೆಗಳು ಆರ್ಥಿಕ ಹಿಂಜರಿತವೆಂದು ಕರೆಯುವ ಸ್ಥಿತಿಯೂ ಇಂಥದೇ. ಅದನ್ನು ವ್ಯಾಪಾರಮಾಂದ್ಯವೆಂದು ಕರೆದರೆ ಅದರ ಸ್ವರೂಪವು ಇನ್ನೂ ಚೆನ್ನಾಗಿ ಮನಸ್ಸಿಗೆ ಹತ್ತುವುದೆಂದು ನನಗೆ ತೋರುತ್ತದೆ. ಹಣವು ದೇಶವನ್ನು ಬಿಟ್ಟು ಓಡಿಹೋಗಿರುವುದಿಲ್ಲ. ಕೈಯಿಂದ ಕೈಗೆ ಹರಿಯುವ ಅದರ ವೇಗವು ಕುಗ್ಗಿರುತ್ತದೆ. ಒಬ್ಬನು ಖರ್ಚನ್ನು ತಗ್ಗಿಸಿದರೆ ಮತ್ತೊಬ್ಬನ ಆದಾಯವು ತಗ್ಗುತ್ತದೆ. ಅವನೂ ತನ್ನ ಖರ್ಚನ್ನು ತಗ್ಗಿಸಿದರೆ ಮೂರನೆಯವನಿಗೆ ಕೆಲಸವೇ ಇಲ್ಲದಂತಾಗುತ್ತದೆ. ಈ ಸರಪಣಿಯಲ್ಲಿ ನಮ್ಮ ಕಣ್ಣೆದುರಿಗೇ ಇರುವ ಕೊಂಡಿಯೆಂದರೆ ಬೀದಿಯ ದಿನಸಿ ಅಂಗಡಿ. ಅಂಥ ಕಾಲದಲ್ಲಿ ಅಂಗಡಿಯವನು ಹೇಗೆ ಬದುಕುತ್ತಾನೆ, ಅವನ ಬದುಕಿನಲ್ಲಿ ಗೃಹಸ್ಥರಾದ ನಮ್ಮ ಪಾತ್ರವೇನು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಮೊದಲು ಒಂದು ಸಣ್ಣ ಲೆಕ್ಕ. ಒಂದು ಅಂಗಡಿಯಲ್ಲಿ ದಿನಕ್ಕೆ ಹತ್ತು ಸಾವಿರ ರೂಪಾಯಿ ವ್ಯಾಪಾರವಾಗುತ್ತದೆಂದೂ, ನೂರಕ್ಕೆ ಹತ್ತರಂತೆ ಲಾಭ ಸಿಕ್ಕುತ್ತದೆಂದೂ ಇಟ್ಟುಕೊಳ್ಳೋಣ. ಸಿಕ್ಕಿದ ಸಾವಿರದಲ್ಲಿ ಬಾಡಿಗೆ, ದೀಪದ ಖರ್ಚು, ಆಳಿನ ಸಂಬಳ, ಸಾಗಾಣಿಕೆ ಇವುಗಳಿಗೆ ಆರುನೂರು ಹೋದರೆ ಮನೆಗೆ ನಾನೂರು ಉಳಿಯಿತು. ಈಗ ವ್ಯಾಪಾರವು ಏಳು ಸಾವಿರಕ್ಕೆ ಇಳಿಯಲಿ. ಲಾಭ ಏಳುನೂರು, ಆದರೆ ಬಾಡಿಗೆಯೂ ಸಂಬಳವೂ ಇಳಿಯಲಿಲ್ಲ, ಉಳಿದದ್ದು ಬರಿಯ ನೂರು. ವ್ಯಾಪಾರವು ನೂರಕ್ಕೆ ಮೂವತ್ತು ಪಾಲು ಕುಗ್ಗಿದರೆ ಅಂಗಡಿಯವನ ಸಂಪಾದನೆಯು ನೂರಕ್ಕೆ ಎಪ್ಪತ್ತೈದು ಪಾಲು ಕುಗ್ಗಿತು. ಹೊರಗಿನಿಂದ ನೋಡುವವರಿಗೆ ಅಂಗಡಿಯು ಎಂದಿನಂತೆಯೇ ತೆರೆದಿರುತ್ತದೆ. ಡಬ್ಬಿಗಳ ಸಾಲೂ ಹಾಗೆಯೇ ಇರುತ್ತದೆ. ಒಳಗಿನ ಕ್ಷಯವು ಗಲ್ಲಾಪೆಟ್ಟಿಗೆಗೆ ಮಾತ್ರ ಗೊತ್ತು.

ಇಂಥ ಸಂಕಟದಲ್ಲಿ ಕೆಲವರಿಗೆ ಮೊದಲು ಹೊಳೆಯುವ ಉಪಾಯ ಕೆಟ್ಟ ಉಪಾಯವೇ. ತೂಕದಲ್ಲಿ ಸ್ವಲ್ಪ ಹಿಡಿಯುವುದು, ಹೊಸ ಬೇಳೆಯಲ್ಲಿ ಹಳೆಯದನ್ನು ಬೆರೆಸುವುದು ಮುಂತಾದವು. ಇದು ಇಂದಿನ ರೋಗವಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೊದಲು ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಿದರೆ, ಅದರ ನಾಲ್ಕನೆಯ ಅಧಿಕರಣವಾದ ಕಂಟಕಶೋಧನದಲ್ಲಿ ವರ್ತಕರ ವಿಷಯವೇ ಒಂದು ಅಧ್ಯಾಯವಾಗಿದೆ. ಧಾನ್ಯ, ಎಣ್ಣೆ, ಉಪ್ಪು, ಔಷಧಿಗಳಲ್ಲಿ ಅದೇ ಬಣ್ಣದ ಬೇರೆ ವಸ್ತುವನ್ನು ಬೆರೆಸಿದವನಿಗೆ ಅಲ್ಲಿ ಹನ್ನೆರಡು ಪಣ ದಂಡ ವಿಹಿತವಾಗಿದೆ. ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು ಲಾಭವೆಂಬ ಮಿತಿಯೂ ಇದೆ. ಸರಕು ಹೆಚ್ಚಾಗಿ ಬೆಲೆ ಬಿದ್ದಾಗ ಅದನ್ನೆಲ್ಲ ಒಂದೇ ಕಡೆ ಮಾರಿಸಬೇಕೆಂದೂ, ಅದು ತೀರುವವರೆಗೆ ಇತರರು ಮಾರಕೂಡದೆಂದೂ ಹೇಳಿರುವುದನ್ನು ಕಂಡರೆ, ವ್ಯಾಪಾರವು ಮಂದವಾಗುವುದನ್ನು ಪ್ರಾಚೀನರೂ ಬಲ್ಲವರಾಗಿದ್ದರೆಂದು ತಿಳಿಯುತ್ತದೆ.

ಕೆಟ್ಟ ಉಪಾಯವು ಹಾಗಿರಲಿ. ಒಳ್ಳೆಯ ಉಪಾಯದಿಂದ ಗೆದ್ದವರೂ ಉಂಟು. ಅವರಲ್ಲಿ ಪ್ರಸಿದ್ಧನಾದವನು ಅಮೆರಿಕಾ ದೇಶದ ಮೈಕೇಲ್ ಕಲನ್ ಎಂಬವನು. ೧೯೨೯ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದ ಮೇಲೆ ಆ ದೇಶಕ್ಕೆ ಬಂದ ದುರ್ದಶೆಯನ್ನು ವಾಚಕರು ಕೇಳಿಯೇ ಇರುತ್ತಾರೆ. ಸಾವಿರಾರು ಬ್ಯಾಂಕುಗಳು ಮುಚ್ಚಿದವು. ೧೯೩೩ರ ವೇಳೆಗೆ ದುಡಿಯುವವರಲ್ಲಿ ನಾಲ್ವರಿಗೆ ಒಬ್ಬನಂತೆ ನಿರುದ್ಯೋಗಿಗಳಾದರು. ಕಲನ್ ಕ್ರೋಗರ್ ಎಂಬ ದೊಡ್ಡ ದಿನಸಿ ಸಂಸ್ಥೆಯಲ್ಲಿ ನೌಕರನಾಗಿದ್ದನು. ಅವನು ಮೇಲಿನವರಿಗೆ ಒಂದು ಪತ್ರ ಬರೆದು ಹೊಸ ಬಗೆಯ ಅಂಗಡಿಯೊಂದನ್ನು ಸೂಚಿಸಿದನು. ಮುನ್ನೂರು ಬಗೆಯ ಸಾಮಾನುಗಳನ್ನು ಕೊಂಡ ಬೆಲೆಗೇ ಮಾರುವುದು; ಇನ್ನೂರನ್ನು ನೂರಕ್ಕೆ ಐದರ ಲಾಭದಲ್ಲಿ, ಮುನ್ನೂರನ್ನು ಹದಿನೈದರ ಲಾಭದಲ್ಲಿ, ಇನ್ನು ಮುನ್ನೂರನ್ನು ಇಪ್ಪತ್ತರ ಲಾಭದಲ್ಲಿ ಮಾರುವುದು; ಹೀಗಿತ್ತು ಅವನ ಲೆಕ್ಕ. ಲಾಭವಿಲ್ಲದ ಮುನ್ನೂರು ಸಾಮಾನುಗಳು ಜನರನ್ನು ಕರೆತರುತ್ತವೆ. ಉಳಿದವು ಅಂಗಡಿಯನ್ನು ಸಾಕುತ್ತವೆ.

ಸಂಸ್ಥೆಯು ಅವನ ಮಾತಿಗೆ ಕಿವಿಗೊಡಲಿಲ್ಲ. ಅವನು ಕೆಲಸವನ್ನು ಬಿಟ್ಟು, ೧೯೩೦ರ ಆಗಸ್ಟ್ ೪ರಂದು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ, ಖಾಲಿಬಿದ್ದಿದ್ದ ಒಂದು ಮೋಟಾರು ಗ್ಯಾರೇಜನ್ನು ಹಿಡಿದು, ಕಿಂಗ್ ಕಲನ್ ಎಂಬ ಹೆಸರಿನಲ್ಲಿ ಅಂಗಡಿಯನ್ನು ತೆರೆದನು. ಅಲಂಕಾರವಿಲ್ಲ, ಸಾಮಾನನ್ನು ರಾಶಿ ಹಾಕಿ ಇಟ್ಟಿತ್ತು, ಗಿರಾಕಿಯೇ ಆರಿಸಿಕೊಂಡು, ನಗದು ಕೊಟ್ಟು, ತಾನೇ ಹೊತ್ತುಕೊಂಡು ಹೋಗಬೇಕು. ಜನವು ಮುಗಿಬಿದ್ದಿತು. ೧೯೩೬ರಲ್ಲಿ ಅವನು ತೀರಿಕೊಳ್ಳುವ ವೇಳೆಗೆ ಅಂಥ ಅಂಗಡಿಗಳು ಹತ್ತಕ್ಕೂ ಹೆಚ್ಚಾಗಿದ್ದವು. ಇಂದು ನಮ್ಮ ಪಟ್ಟಣಗಳಲ್ಲಿ ಕಾಣುವ ಸೂಪರ್ ಮಾರ್ಕೆಟ್ಟಿನ ಮೂಲವು ಹೀಗೆ ಒಂದು ವ್ಯಾಪಾರಮಾಂದ್ಯದಲ್ಲಿದೆ. ಅಲ್ಲಿ ತಳ್ಳಿಕೊಂಡು ಹೋಗುವ ಗಾಡಿಯೂ ಅದೇ ಕಾಲದ ಸೃಷ್ಟಿ: ೧೯೩೭ರಲ್ಲಿ ಓಕ್ಲಹೋಮಾದ ವರ್ತಕ ಸಿಲ್ವನ್ ಗೋಲ್ಡ್‌ಮನ್ ಅದನ್ನು ಬಳಕೆಗೆ ತಂದನು. ಮೊದಮೊದಲು ಜನರು ಅದನ್ನು ಮುಟ್ಟಲು ನಾಚಿಕೊಂಡದ್ದರಿಂದ, ಕೂಲಿ ಕೊಟ್ಟು ಕೆಲವರನ್ನು ಗಿರಾಕಿಗಳಂತೆ ಗಾಡಿ ತಳ್ಳಿಸಬೇಕಾಯಿತಂತೆ!

ಕಲನ್ನನ ಯುಕ್ತಿಯ ಮರ್ಮವು ಎರಡು. ಒಂದು, ಹೆಚ್ಚು ಲಾಭಕ್ಕೆ ಕಾಯದೆ ಸರಕನ್ನು ಬೇಗಬೇಗ ಮಾರಿ ಬಂಡವಾಳವನ್ನು ತಿರುಗಿಸುವುದು. ಎರಡು, ಉದ್ದರಿಯನ್ನು ಕೊಡದೆ ಇರುವುದು. ಮೊದಲನೆಯದನ್ನು ನಮ್ಮ ಬೀದಿಯ ಶೆಟ್ಟರೂ ಬಲ್ಲರು. ಮಾಂದ್ಯ ಬಂದೊಡನೆ ಅವರು ಬೆಲೆಬಾಳುವ ಸಾಮಾನನ್ನು ತರಿಸುವುದನ್ನು ನಿಲ್ಲಿಸುತ್ತಾರೆ. ಮಂಡಿಯಿಂದ ತಿಂಗಳಿಗೊಮ್ಮೆ ತರುತ್ತಿದ್ದುದನ್ನು ವಾರಕ್ಕೊಮ್ಮೆ ತರುತ್ತಾರೆ. ದೊಡ್ಡ ಪೊಟ್ಟಣದ ಜಾಗದಲ್ಲಿ ಚಿಕ್ಕ ಪೊಟ್ಟಣಗಳನ್ನು ತೂಗುಹಾಕುತ್ತಾರೆ. ದಿನಗೂಲಿಯವನ ಕೈಯಲ್ಲಿ ತಿಂಗಳ ಹಣವಿರುವುದಿಲ್ಲ, ಅಂದಿನ ಹಣವಿರುತ್ತದೆ. ಆದ್ದರಿಂದ ಅವನಿಗೆ ಅಂದಿನ ಎಣ್ಣೆ, ಅಂದಿನ ಸಾಬೂನು ಬೇಕು. ಈ ಪೊಟ್ಟಣಗಳ ವಿಷಯದಲ್ಲಿ ಗೃಹಿಣಿಯರಿಗೆ ಒಂದು ಎಚ್ಚರಿಕೆ: ಕೆಲವು ಸಾಮಾನುಗಳಲ್ಲಿ ಚಿಕ್ಕ ಪೊಟ್ಟಣವೇ ಅಗ್ಗವಾಗಿದ್ದರೂ ಅನೇಕ ವಸ್ತುಗಳಲ್ಲಿ ಅದು ದುಬಾರಿ, ಕೆಲವು ತಯಾರಕರು ಬೆಲೆಯನ್ನು ಹಾಗೆಯೇ ಇಟ್ಟು ಒಳಗಿನ ತೂಕವನ್ನು ಇಳಿಸುತ್ತಾರೆ. ಗ್ರಾಮಿಗೆ ಎಷ್ಟು ಬೆಲೆಯೆಂಬುದನ್ನೂ ಪೊಟ್ಟಣದ ಮೇಲೆ ಸಾಮಾನ್ಯವಾಗಿ ಅಚ್ಚು ಹಾಕಬೇಕೆಂದು ಈಗ ನಿಯಮವಿರುವುದರಿಂದ ಅದನ್ನು ಓದಿ ಕೊಳ್ಳುವುದು ಒಳ್ಳೆಯದು.

ಎರಡನೆಯ ಉಪಾಯವಾದ ಉದ್ದರಿ ನಿಷೇಧವು ಮಾತ್ರ ಶೆಟ್ಟರಿಗೆ ಸಾಧ್ಯವಾಗದು. ಗೋಡೆಯ ಮೇಲೆ ಇಂದು ನಗದು, ನಾಳೆ ಉದ್ದರಿ ಎಂಬ ಹಲಗೆಯನ್ನು ತೂಗುಹಾಕಿರಬಹುದು. ಅದರ ಕೆಳಗೇ ಉದ್ದರಿಯ ಪುಸ್ತಕವೂ ಇರುತ್ತದೆ. ಈ ಪುಸ್ತಕದ ಬೆಲೆಯು ನಮಗೆ ತಿಳಿದದ್ದು ಎರಡು ಸಂದರ್ಭಗಳಲ್ಲಿ. ೨೦೧೬ರ ನವೆಂಬರ್ ೮ರಂದು ಐನೂರು ಮತ್ತು ಸಾವಿರ ರೂಪಾಯಿಗಳ ನೋಟುಗಳು ರದ್ದಾದಾಗ, ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ನೂರಕ್ಕೆ ಎಂಬತ್ತಾರು ಪಾಲು ಒಂದೇ ರಾತ್ರಿಯಲ್ಲಿ ನಿಂತುಹೋಯಿತು. ಅದೇ ವರ್ಷ ಆರಂಭವಾಗಿದ್ದ ಯುಪಿಐ ಎಂಬ ಪಾವತಿಯ ಕ್ರಮವನ್ನು ಕಲಿತು, ಕ್ರಮೇಣ ಚಿತ್ರವಿಚಿತ್ರವಾದ ಚೌಕದ ಕಾಗದವನ್ನು ಡಬ್ಬಿಗೆ ಅಂಟಿಸಿಕೊಂಡವರು ಅನೇಕರು. ಆದರೆ ಅದನ್ನು ಕಲಿಯುವ ತನಕ ಮನೆಗಳ ಒಲೆಯನ್ನು ಉರಿಸಿದ್ದು ಆ ಹಳೆಯ ಪುಸ್ತಕವೇ.

ಎರಡನೆಯ ಸಂದರ್ಭವು ಇನ್ನೂ ಕಠಿನವಾದದ್ದು. ೨೦೨೦ರ ಮಾರ್ಚ್ ೨೫ರಂದು, ಯುಗಾದಿಯ ದಿನವೇ, ದೇಶವೆಲ್ಲವೂ ಬಾಗಿಲು ಹಾಕಿಕೊಂಡಿತು. ಅಂದು ಹುಟ್ಟಿದ ಸಂವತ್ಸರದ ಹೆಸರು ಶಾರ್ವರಿ, ಶಾರ್ವರಿಯೆಂದರೆ ರಾತ್ರಿ. ಆ ವರ್ಷದ ಏಪ್ರಿಲಿನಿಂದ ಜೂನಿನವರೆಗಿನ ಮೂರು ತಿಂಗಳಲ್ಲಿ ದೇಶದ ಉತ್ಪನ್ನವು ಹಿಂದಿನ ವರ್ಷದ ಅದೇ ಅವಧಿಗಿಂತ ಸುಮಾರು ಕಾಲುಭಾಗ ಕುಗ್ಗಿತು. ಬಟ್ಟೆ, ಪಾತ್ರೆ, ಬಳೆಯ ಅಂಗಡಿಗಳು ಮುಚ್ಚಿದವು. ಬಳೆ ಮಾರುತ್ತಿದ್ದವರು ತರಕಾರಿಯನ್ನು ಗಾಡಿಯಲ್ಲಿ ಮಾರಿದರು. ದರ್ಜಿಗಳು ಮುಖಕ್ಕೆ ಕಟ್ಟುವ ಬಟ್ಟೆಯನ್ನು ಹೊಲಿದರು. ದಿನಸಿಯವರು ದೂರವಾಣಿಯಲ್ಲಿ ಪಟ್ಟಿ ಬರೆದುಕೊಂಡು ಸಾಮಾನನ್ನು ಮನೆಬಾಗಿಲಿಗೆ ಮುಟ್ಟಿಸಿದರು. ಬ್ಯಾಂಕಿನ ಸಾಲದ ಕಂತುಗಳನ್ನು ಆಗಸ್ಟಿನವರೆಗೆ ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶವಿತ್ತಿತು. ಆದರೆ ಅಂಗಡಿಯವನು ಬೀದಿಗೆಲ್ಲ ಕೊಟ್ಟಿದ್ದ ಉದ್ದರಿಗೆ ಯಾವ ರಿಸರ್ವ್ ಬ್ಯಾಂಕು?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಆಗ ನಾನಿನ್ನೂ ಪಾಠಶಾಲೆಯ ಕೆಲಸದಲ್ಲಿದ್ದೆನು. ಶಾಲೆ ಮುಚ್ಚಿದ್ದರೂ ಸಂಬಳವು ತಪ್ಪದೆ ಬರುತ್ತಿತ್ತು. ನಮ್ಮ ಮನೆಯ ಸಾಮಾನೆಲ್ಲವೂ ಬೀದಿಯ ಶೆಟ್ಟರಲ್ಲಿ ಲೆಕ್ಕಕ್ಕೆ ಬರುತ್ತಿತ್ತು. ತಿಂಗಳು ಕಳೆದ ಮೇಲೆ ಹಣ, ಒಮ್ಮೊಮ್ಮೆ ಮುಂದಿನ ತಿಂಗಳು ನಡುವಾದ ಮೇಲೆ. ಇದು ಇಪ್ಪತ್ತು ವರ್ಷಗಳ ರೂಢಿ. ಇದರಲ್ಲಿ ತಪ್ಪೇನಾದರೂ ಇರಬಹುದೆಂದು ನನಗೆ ಎಂದೂ ತೋರಿರಲಿಲ್ಲ; ಸಾಲಗಾರನೆಂಬ ಭಾವನೆಯಂತೂ ಇರಲೇ ಇಲ್ಲ.

ಆ ಜೂನ್ ತಿಂಗಳ ಒಂದು ಬೆಳಗ್ಗೆ ಅಂಗಡಿಗೆ ಹೋದಾಗ, ನನ್ನ ಮುಂದೆ ರವಿಕೆ ಹೊಲಿದು ಜೀವಿಸುವ ಒಬ್ಬ ಹೆಂಗಸು ನಿಂತಿದ್ದಳು. ಮೂರು ತಿಂಗಳಿನಿಂದ ಮದುವೆಗಳಿಲ್ಲ, ಹಬ್ಬಗಳಿಲ್ಲ. ಹೊಲಿಗೆ ಎಲ್ಲಿಂದ ಬರಬೇಕು? ಅವಳು ಐದು ಕಿಲೋ ಅಕ್ಕಿಯನ್ನು ಕೇಳಿದಳು. ಶೆಟ್ಟರು ಪುಸ್ತಕವನ್ನು ತಿರುವಿ ನೋಡಿ, ಬಹಳ ಮೆತ್ತಗೆ, "ತಾಯಿ, ಎರಡು ಕಿಲೋ ತೆಗೆದುಕೊಂಡು ಹೋಗಿ. ಮಂಡಿಯವರು ನನಗೂ ನಗದು ಕೇಳುತ್ತಿದ್ದಾರೆ. ಇದರ ಮೇಲೆ ನನ್ನ ಕೈಲಾಗದು" ಎಂದರು. ಅವಳು, "ಆಗಲಿ ಅಣ್ಣಾ" ಎಂದು ಚೀಲವನ್ನೊಡ್ಡಿದಳು. ಅವಳು ಹೋದ ಮೇಲೆ ಶೆಟ್ಟರು ನನ್ನ ಪಟ್ಟಿಯನ್ನು ನೋಡಿ ಇಪ್ಪತ್ತೈದು ಕಿಲೋ ಅಕ್ಕಿಯ ಮೂಟೆಯನ್ನೇ ಮುಂದಕ್ಕೆ ನೂಕಿ, "ಮೇಷ್ಟ್ರೇ, ಬರೆದುಕೊಳ್ಳಲೇ?" ಎಂದರು.

ಆ ಮಾತಿನಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಅದಕ್ಕಾಗಿಯೇ ಅದು ನನಗೆ ನಾಟಿತು. ಅವರ ಬಂಡವಾಳವು ಇದ್ದದ್ದು ಇಷ್ಟೇ. ಹಣವಿದ್ದ ನಾನು ಅದರಲ್ಲಿ ದೊಡ್ಡ ಪಾಲನ್ನು ಸುಮ್ಮನೆ ತಡೆಹಿಡಿದುಕೊಂಡಿದ್ದೆನು. ಹಣವಿಲ್ಲದ ಅವಳಿಗೆ ಮೂರು ಕಿಲೋ ಅಕ್ಕಿ ಕಡಿಮೆಯಾಯಿತು. ನನ್ನ ಉದ್ದರಿಯು ಅನುಕೂಲಕ್ಕಾಗಿ, ಅವಳದು ಅನ್ನಕ್ಕಾಗಿ. ಅಂದೇ ಹಳೆಯ ಬಾಕಿಯನ್ನೆಲ್ಲ ಸಲ್ಲಿಸಿ, ಮುಂದಿನ ತಿಂಗಳಿನ ಹಣವನ್ನೂ ಮುಂಗಡವಾಗಿ ಇಟ್ಟು ಬಂದೆನು. ಶೆಟ್ಟರು ಮೊದಲು ಗಾಬರಿಯಾಗಿ, "ಏನಾಯಿತು ಮೇಷ್ಟ್ರೇ, ಅಂಗಡಿ ಬದಲಾಯಿಸುತ್ತೀರಾ?" ಎಂದು ಕೇಳಿದರು. ಇಪ್ಪತ್ತು ವರ್ಷಗಳ ಗಿರಾಕಿಯು ಬಾಕಿಯನ್ನು ತೀರಿಸುವುದು ಅಂಗಡಿಯನ್ನು ಬಿಡುವಾಗ ಮಾತ್ರವೆಂಬುದು ಅವರ ಅನುಭವ!

ಮಕ್ಕಳಿಗೆ ವ್ಯಾಕರಣವನ್ನು ಹೇಳಿಕೊಡುತ್ತ ಕಾಲ ಕಳೆದ ನನಗೆ ಈ ಗಣಿತವು ತಡವಾಗಿ ತಿಳಿಯಿತು. ನೂರು ರೂಪಾಯಿಯ ಉದ್ದರಿಯೊಂದು ಮುಳುಗಿದರೆ ಅಂಗಡಿಯವನಿಗೆ ಅಸಲು ತೊಂಬತ್ತು ರೂಪಾಯಿ ನಷ್ಟ. ಅದನ್ನು ತುಂಬಿಕೊಳ್ಳಲು ಇನ್ನೂ ಒಂಬತ್ತು ಸಲ ನೂರು ನೂರು ರೂಪಾಯಿಯ ಸಾಮಾನನ್ನು ಮಾರಬೇಕು. ಮುಳುಗದೆ ಬರಿಯ ತಡವಾದರೂ, ಆ ಅವಧಿಯಲ್ಲಿ ಒಂದು ಸುತ್ತು ತಿರುಗಬಹುದಾಗಿದ್ದ ಹಣವು ನಿಂತಲ್ಲೇ ನಿಲ್ಲುತ್ತದೆ. ಮಾಂದ್ಯವೆಂದರೆ ಹಣದ ಈ ನಿಲುಗಡೆಯೇ ಎಂದು ಮೊದಲೇ ಹೇಳಿದೆನಷ್ಟೆ. ಆದುದರಿಂದ ಕೈಯಲ್ಲಿ ಹಣವಿದ್ದೂ ಬಾಕಿಯನ್ನು ತಡೆಯುವ ಗೃಹಸ್ಥನು ರೋಗವನ್ನು ಹೆಚ್ಚಿಸುವವರಲ್ಲಿ ಒಬ್ಬನಾಗುತ್ತಾನೆ. ಅಂಗಡಿಯವನಿಗೂ ಇದರಲ್ಲಿ ಕರ್ತವ್ಯವುಂಟು. ಯಾರಿಗೆ ಎಷ್ಟರವರೆಗೆ ಉದ್ದರಿಯೆಂಬ ಮಿತಿಯನ್ನು ಇಟ್ಟುಕೊಳ್ಳುವುದು, ಬಾಕಿಯನ್ನು ಆಗಾಗ್ಗೆ ಗಿರಾಕಿಗೆ ತೋರಿಸುವುದು, ಸಂಕೋಚವನ್ನು ಬಿಟ್ಟು ಉಳ್ಳವರನ್ನು ಕೇಳುವುದು ಇವು ಅವನನ್ನು ಉಳಿಸುತ್ತವೆ.

ಕಲನ್ನನಂತೆ ಹೊಸ ಮಾರ್ಗವನ್ನು ಕಂಡುಹಿಡಿಯುವುದು ಎಲ್ಲೋ ಒಬ್ಬನಿಗೆ ಸಾಧ್ಯ. ಅವನ ಅಂಗಡಿಯಲ್ಲಿ ಕೈಯಲ್ಲಿ ಕಾಸಿದ್ದವನಿಗೆ ಅಗ್ಗವಾಗಿ ಸಿಕ್ಕಿತು, ನಿಜ. ಕಾಸಿಲ್ಲದವನು ಆ ದೇಶದಲ್ಲಿಯೂ ಮೂಲೆಯ ಚಿಕ್ಕ ಅಂಗಡಿಯನ್ನೇ ಆಶ್ರಯಿಸಬೇಕಾಗಿತ್ತು. ಆ ಚಿಕ್ಕ ಅಂಗಡಿಯು ಮಾಂದ್ಯವನ್ನು ದಾಟುವುದು ಅಂಗಡಿಯವನೊಬ್ಬನ ಜಾಣತನದಿಂದಲ್ಲ. ಸರಿಯಾದ ತೂಕವು ಅವನ ಕಡೆಯಿಂದಲೂ, ಸಕಾಲದ ಹಣವು ಶಕ್ತರಾದ ಗಿರಾಕಿಗಳ ಕಡೆಯಿಂದಲೂ ಕೂಡಿಬಂದರೆ, ಅಶಕ್ತನಿಗೆ ಎರಡು ತಿಂಗಳು ಅನ್ನ ಹಾಕುವ ಶಕ್ತಿ ಆ ಅಂಗಡಿಗೆ ಬರುತ್ತದೆ.

ಈಗ ನಾನು ಪಿಂಚಣಿಯವನು. ತಿಂಗಳ ಮೊದಲ ವಾರದಲ್ಲಿ ಪಟ್ಟಿಯನ್ನೂ ಹಣವನ್ನೂ ಒಟ್ಟಿಗೇ ಕಳುಹಿಸುತ್ತೇನೆ. ಶೆಟ್ಟರ ಪುಸ್ತಕದಲ್ಲಿ ನನ್ನ ಹೆಸರಿನ ಹಾಳೆಯಿಲ್ಲ. ಆ ಹಾಳೆಯು ಮತ್ತಾರಿಗೋ ಬೇಕಾಗಿರುತ್ತದೆ.